ಪೆಟ್ರೋಲಿನ ಹನಿಯನ್ನು ಅಳೆದುಕೊಟ್ಟ ವಿಲ್ಹೆಲ್ಮ್ ಮೈಬಾಖ್

ಮೋಟಾರ್ ಸೈಕಲ್ಲಿನ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಅವರ ಹೆಸರಿನಿಂದ ಪ್ರಾರಂಭಿಸುತ್ತಾರೆ. ಪೆಟ್ರೋಲಿನಿಂದ ಓಡಿದ ಮೊದಲ ಇಗ್ಗಾಲಿ ಬಂಡಿಯ ಪೇಟೆಂಟ್ 1885ರಲ್ಲಿ ಅವರ ಹೆಸರಿಗೇ ದೊರೆತುದರಿಂದ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಬಂಡಿಯ ನಕ್ಷೆಗಳನ್ನು ಬರೆದ ಕೈ ಬೇರೊಬ್ಬರದು. ಅದಕ್ಕಿಂತ ಮುಖ್ಯವಾಗಿ, ಮುಂದೆ ನೂರು ವರ್ಷಗಳಿಗೂ ಹೆಚ್ಚು ಕಾಲ ಜಗತ್ತಿನ ಮೋಟಾರ್ ಸೈಕಲ್ಲುಗಳಿಗೆಲ್ಲ ಉಸಿರು ನೀಡಿದ ಕಾರ್ಬುರೇಟರ್ ಎಂಬ ಸಣ್ಣ ಉಪಕರಣವು ಇಂದು ನಾವು ಬಲ್ಲ ರೂಪಕ್ಕೆ ಬಂದುದರಲ್ಲಿಯೂ ಆ ಕೈಯ ಪಾಲು ದೊಡ್ಡದು. ಆ ಕೈ ವಿಲ್ಹೆಲ್ಮ್ ಮೈಬಾಖ್ ಅವರದು. ನಮ್ಮ ಪತ್ರಿಕೆಗಳು ದುಬಾರಿ ಕಾರೊಂದರ ಹೆಸರಾಗಿ ಇದನ್ನು ಮೇಬ್ಯಾಕ್ ಎಂದು ಬರೆಯುವುದುಂಟು. ಕಾರಿನ ಹೆಸರು ಎಲ್ಲರಿಗೂ ಗೊತ್ತು. ಮನುಷ್ಯನ ಕಥೆ ಅಷ್ಟಾಗಿ ಗೊತ್ತಿಲ್ಲ.

ಮೈಬಾಖ್ ಅವರು 1846ರ ಫೆಬ್ರವರಿ 9ರಂದು ಹೈಲ್‌ಬ್ರಾನ್ ಎಂಬ ಊರಿನಲ್ಲಿ ಬಡಗಿಯೊಬ್ಬರ ಮಗನಾಗಿ ಜನಿಸಿದರು. ಕುಟುಂಬವು ಸ್ಟುಟ್‌ಗಾರ್ಟ್ ನಗರಕ್ಕೆ ಬಂದು ನೆಲೆಸಿತು. 1854ರಲ್ಲಿ ತಾಯಿ ತೀರಿಕೊಂಡರು. ಎರಡು ವರ್ಷಗಳ ಬಳಿಕ ತಂದೆ ನೀರಿನಲ್ಲಿ ಮುಳುಗಿ ಸತ್ತರು. ಐವರು ಗಂಡುಮಕ್ಕಳು ದಿಕ್ಕಿಲ್ಲದವರಾದಾಗ, ದಯಾಳುಗಳು ಯಾರಾದರೂ ಇವರನ್ನು ನೋಡಿಕೊಳ್ಳಬೇಕೆಂದು ಊರಿನ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕಾಯಿತು. ಹತ್ತು ವರ್ಷದ ವಿಲ್ಹೆಲ್ಮನಿಗೆ ಆಶ್ರಯ ಕೊಟ್ಟದ್ದು ರಾಯ್ಟ್‌ಲಿಂಗೆನ್ ಊರಿನ ಬ್ರುಡರ್‌ಹೌಸ್ ಎಂಬ ಅನಾಥಾಲಯ. ಇದನ್ನು ನಡೆಸುತ್ತಿದ್ದವರು ಗುಸ್ಟಾವ್ ವೆರ್ನರ್ ಎಂಬ ಪಾದ್ರಿಗಳು. ಮಕ್ಕಳಿಗೆ ಅನ್ನ ಹಾಕಿದರೆ ಸಾಲದು, ಕೈಗೊಂದು ಕಸುಬು ಬರಬೇಕೆಂಬುದು ಅವರ ನಂಬಿಕೆ. ಹಾಗಾಗಿ ಅನಾಥಾಲಯಕ್ಕೆ ಸೇರಿದಂತೆ ಯಂತ್ರ ತಯಾರಿಸುವ ಕಾರ್ಖಾನೆಯೂ ಇತ್ತು. ಹುಡುಗನ ಕೈ ರೇಖಾಚಿತ್ರದಲ್ಲಿ ಪಳಗಿದೆಯೆಂಬುದನ್ನು ವೆರ್ನರ್ ಬೇಗನೆ ಗುರುತಿಸಿದರು. ಹದಿನೈದನೆಯ ವಯಸ್ಸಿಗೆ ಅವನನ್ನು ನಕ್ಷೆ ಬರೆಯುವ ವಿಭಾಗಕ್ಕೆ ಹಾಕಿ, ಸಂಜೆಯ ಹೊತ್ತು ಗಣಿತ ಮತ್ತು ಭೌತಶಾಸ್ತ್ರದ ಪಾಠಗಳಿಗೂ ಕಳುಹಿಸಿದರು.

ಅದೇ ಕಾರ್ಖಾನೆಗೆ ಮೇಲ್ವಿಚಾರಕರಾಗಿ ಬಂದವರು ಡೈಮ್ಲರ್. ಮೈಬಾಖ್ ಅವರಿಗಿಂತ ಹನ್ನೆರಡು ವರ್ಷ ಹಿರಿಯರು. ಮಾತು ಬಲ್ಲವರು, ಹಟವಾದಿಗಳು, ವ್ಯವಹಾರದಲ್ಲಿ ಮುಂದು. ಮೈಬಾಖ್ ಮಾತು ಕಡಿಮೆಯವರು. ಕಾಗದ, ಪೆನ್ಸಿಲ್ ಮತ್ತು ಲೋಹದೊಂದಿಗೆ ಸಲೀಸಾಗಿ ಇರಬಲ್ಲವರು. ಈ ಇಬ್ಬರ ಜೊತೆ 1900ರಲ್ಲಿ ಡೈಮ್ಲರ್ ಅವರು ತೀರಿಕೊಳ್ಳುವವರೆಗೂ ಉಳಿಯಿತು. ಡೈಮ್ಲರ್ ಕಾರ್ಲ್ಸ್‌ರೂಹೆಗೆ ಹೋದರೆ ಮೈಬಾಖ್ ಹಿಂದೆಯೇ ಹೋದರು. 1872ರಲ್ಲಿ ಡೈಮ್ಲರ್ ಕಲೋನ್ ನಗರದ ಬಳಿಯ ಡಾಯ್ಟ್ಸ್ ಗ್ಯಾಸ್ ಎಂಜಿನ್ ಕಾರ್ಖಾನೆಯ ತಾಂತ್ರಿಕ ನಿರ್ದೇಶಕರಾದಾಗ, ಅಲ್ಲಿಯೂ ನಕ್ಷೆ ವಿಭಾಗದ ಮುಖ್ಯಸ್ಥರಾಗಿ ಮೈಬಾಖ್ ಬಂದರು. ನಿಕೋಲಾಸ್ ಓಟೋ ಅವರ ಪ್ರಸಿದ್ಧ ನಾಲ್ಕು ಹೊಡೆತದ ಎಂಜಿನ್ 1876ರಲ್ಲಿ ಅಲ್ಲಿಯೇ ಹುಟ್ಟಿತು. ಅದನ್ನು ಮಾರಾಟಕ್ಕೆ ಯೋಗ್ಯವಾದ ಯಂತ್ರವಾಗಿ ತಿದ್ದಿದ ಕೆಲಸ ಹೆಚ್ಚಿನಂಶ ಮೈಬಾಖ್ ಅವರದೇ.

ಓಟೋ ಎಂಜಿನ್ನಿಗೆ ಒಂದು ಕೊರತೆಯಿತ್ತು. ಅದು ಊರಿನ ದೀಪದ ಗ್ಯಾಸಿನಿಂದ ನಡೆಯುತ್ತಿತ್ತು. ಗ್ಯಾಸಿನ ಕೊಳವೆ ಎಲ್ಲಿಯವರೆಗೆ ಬರುತ್ತದೆಯೋ ಅಲ್ಲಿಯವರೆಗೆ ಮಾತ್ರ ಎಂಜಿನ್. ಗೂಟಕ್ಕೆ ಕಟ್ಟಿದ ಎತ್ತಿನ ಪಾಡು. ಅದನ್ನು ಬಿಡಿಸಬೇಕಾದರೆ ಹೊತ್ತು ಒಯ್ಯಬಹುದಾದ ಇಂಧನ ಬೇಕು. ಆ ಕಾಲದಲ್ಲಿ ಪೆಟ್ರೋಲ್ ಎಂಬುದು ಬಟ್ಟೆಯ ಕಲೆ ತೆಗೆಯಲು ಔಷಧದ ಅಂಗಡಿಗಳಲ್ಲಿ ಸೀಸೆಯಲ್ಲಿ ಸಿಗುತ್ತಿದ್ದ ದ್ರವ. ಡಾಯ್ಟ್ಸಿನಲ್ಲಿ ಇದ್ದಾಗಲೇ ಮೈಬಾಖ್ ಅವರು ನಡೆಯುತ್ತಿದ್ದ ಎಂಜಿನ್ನಿನ ಗ್ಯಾಸ್ ನಿಲ್ಲಿಸಿ, ಗಾಳಿ ಒಳಹೋಗುವ ಬಾಯಿಗೆ ಪೆಟ್ರೋಲಿನಲ್ಲಿ ಅದ್ದಿದ ಹತ್ತಿಯ ಉಂಡೆಯನ್ನು ಹಿಡಿದರೆಂದೂ, ಎಂಜಿನ್ ನಿಲ್ಲದೆ ನಡೆಯಿತೆಂದೂ ಹೇಳುತ್ತಾರೆ. ಇಡೀ ಕಾರ್ಬುರೇಟರಿನ ತತ್ವ ಆ ಒದ್ದೆ ಹತ್ತಿಯಲ್ಲಿ ಅಡಗಿತ್ತು. ದ್ರವವನ್ನು ಗಾಳಿಯಲ್ಲಿ ಬೆರೆಸಿಕೊಟ್ಟರೆ ಸಾಕು, ಗ್ಯಾಸಿನ ಕೊಳವೆ ಬೇಡ. ಆದರೆ ಎಷ್ಟು ಬೆರೆಸಬೇಕು ಎಂಬುದೇ ತೊಡಕಿನ ಪ್ರಶ್ನೆ.

ಓಟೋ ಅವರೊಂದಿಗೆ ಮನಸ್ತಾಪ ಬೆಳೆದು ಡೈಮ್ಲರ್ 1882ರಲ್ಲಿ ಡಾಯ್ಟ್ಸ್ ಬಿಟ್ಟರು. ಮೈಬಾಖ್ ಕೂಡ ಬಿಟ್ಟರು. ಆ ವೇಳೆಗೆ ಅವರಿಗೆ ಮದುವೆಯಾಗಿ ಕಾರ್ಲ್ ಎಂಬ ಮೂರು ವರ್ಷದ ಮಗನಿದ್ದ; ಇದ್ದ ಒಳ್ಳೆಯ ನೌಕರಿಯನ್ನು ತೊರೆದದ್ದು ಸಣ್ಣ ಮಾತಲ್ಲ. ಸ್ಟುಟ್‌ಗಾರ್ಟಿನ ಪಕ್ಕದ ಕ್ಯಾನ್‌ಸ್ಟಾಟ್ ಊರಿನಲ್ಲಿ ಡೈಮ್ಲರ್ ಕೊಂಡಿದ್ದ ಬಂಗಲೆಯ ತೋಟದಲ್ಲಿ ಗಿಡಗಳಿಗಾಗಿ ಕಟ್ಟಿದ್ದ ಗಾಜಿನ ಮನೆಯೇ ಇಬ್ಬರ ಕಾರ್ಯಾಗಾರವಾಯಿತು. ಹಗಲು ರಾತ್ರಿ ಬಾಗಿಲು ಹಾಕಿಕೊಂಡು ಸುತ್ತಿಗೆಯ ಸದ್ದು ಮಾಡುತ್ತಿದ್ದವರನ್ನು ಕಂಡು ತೋಟದ ಮಾಲಿಗೆ ಅನುಮಾನ ಹುಟ್ಟಿ, ಇವರು ಖೋಟಾ ನಾಣ್ಯ ತಯಾರಿಸುತ್ತಿದ್ದಾರೆಂದು ಪೊಲೀಸರಿಗೆ ತಿಳಿಸಿದನಂತೆ. ಒಳಗೆ ಹೊಕ್ಕು ನೋಡಿದ ಪೊಲೀಸರಿಗೆ ಸಿಕ್ಕಿದ್ದು ಎಂಜಿನ್ನಿನ ಭಾಗಗಳು ಮಾತ್ರ.

ಹಳೆಯ ಎಂಜಿನ್ನುಗಳು ನಿಮಿಷಕ್ಕೆ 200 ಸುತ್ತನ್ನೂ ಮುಟ್ಟುತ್ತಿರಲಿಲ್ಲ. ಈ ಇಬ್ಬರ ಎಂಜಿನ್ 600 ಸುತ್ತನ್ನು ಮುಟ್ಟಿತು. ವೇಗ ಹೆಚ್ಚಿದಷ್ಟೂ ಎಂಜಿನ್ ಚಿಕ್ಕದಾಗಬಹುದು, ಹಗುರಾಗಬಹುದು. 1885ರಲ್ಲಿ ಮರದ ಚೌಕಟ್ಟಿಗೆ ಇದನ್ನು ಕೂರಿಸಿ, ಮರದ ಗಾಲಿಗಳಿಗೆ ಕಬ್ಬಿಣದ ಪಟ್ಟಿ ಹೊಡೆದು, ಬೀಳದಂತೆ ಎರಡು ಪಕ್ಕಗಳಲ್ಲಿ ಪುಟ್ಟ ಗಾಲಿಗಳನ್ನು ಇಟ್ಟು, ಮೇಲೆ ಚರ್ಮದ ಜೀನು ಹಾಕಿದರು. ರೈಟ್‌ವಾಗೆನ್, ಅಂದರೆ ಸವಾರಿ ಬಂಡಿ, ಎಂಬುದು ಅದರ ಹೆಸರು. ಸಿಲಿಂಡರಿನ ಅಳತೆ 264 ಸಿ.ಸಿ., ಶಕ್ತಿ ಅರ್ಧ ಕುದುರೆಯದು, ವೇಗ ಗಂಟೆಗೆ 12 ಕಿಲೋಮೀಟರ್. ಆ ವರ್ಷದ ನವೆಂಬರಿನಲ್ಲಿ ಅದು ಕ್ಯಾನ್‌ಸ್ಟಾಟ್‌ನಿಂದ ಉಂಟರ್‌ಟುರ್ಕ್‌ಹೈಮ್ ಎಂಬ ಪಕ್ಕದ ಊರಿಗೆ ಓಡಿತು. ಕಿಡಿ ಹೊತ್ತಿಸಲು ಇದ್ದ ಉಪಾಯ ವಿದ್ಯುತ್ತಲ್ಲ. ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿದ ಕೊಳವೆ, ಅದೂ ಸವಾರನ ಆಸನದ ಕೆಳಗೆ. ಓಟದ ನಡುವೆ ಆಸನಕ್ಕೆ ಬೆಂಕಿ ಹತ್ತಿಕೊಂಡಿತೆಂದು ಹಲವರು ಬರೆದಿದ್ದಾರೆ. ಹಾಗಾಗಿದ್ದರೆ ಆಶ್ಚರ್ಯವಿಲ್ಲ. ಉರಿಯುವ ದೀಪದ ಪಕ್ಕದಲ್ಲಿಯೇ ಪೆಟ್ರೋಲಿನ ಆವಿ ತಯಾರಿಸುವ ಪಾತ್ರೆಯನ್ನು ಇಟ್ಟುಕೊಂಡು ಕುಳಿತವನ ಧೈರ್ಯಕ್ಕೆ ನಾವು ಆಶ್ಚರ್ಯಪಡಬೇಕು.

ಈಗ ಆ ಪಾತ್ರೆಯ ವಿಚಾರ. ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಒಂದು ತೂಕ ಪೆಟ್ರೋಲಿಗೆ ಸುಮಾರು ಹದಿನೈದು ತೂಕ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರಹತ್ತಿರ 9000 ಲೀಟರ್ ಗಾಳಿ. ಪೆಟ್ರೋಲ್ ಹೆಚ್ಚಾದರೆ ಎಂಜಿನ್ ಹೊಗೆ ಕಾರಿ ಉಸಿರುಗಟ್ಟುತ್ತದೆ; ಕಡಿಮೆಯಾದರೆ ಕೆಮ್ಮಿ ನಿಲ್ಲುತ್ತದೆ. ಸವಾರಿ ಬಂಡಿಯ ಪುಟ್ಟ ಎಂಜಿನ್ ಸೆಕೆಂಡಿಗೆ ಐದು ಸಲ ಉಸಿರೆಳೆಯುತ್ತಿತ್ತು. ಪ್ರತಿಯೊಂದು ಉಸಿರಿಗೆ ಬೇಕಾದುದು ಹೆಚ್ಚೆಂದರೆ ಒಂದು ಸಣ್ಣ ಹನಿ. ಆ ಹನಿಯನ್ನು ಪ್ರತಿ ಸಲವೂ ತಪ್ಪದೆ, ಕುಲುಕಾಡುವ ಕಲ್ಲುದಾರಿಯ ಮೇಲೆ, ಬೇಸಿಗೆ ಚಳಿಗಾಲಗಳೆನ್ನದೆ ಯಾರು ಅಳೆದು ಕೊಡಬೇಕು?

ಆಗಿನವರೆಲ್ಲ ಆವಿಯಾಗುವಿಕೆಯನ್ನೇ ನಂಬಿದ್ದರು. ಪಾತ್ರೆಯಲ್ಲಿ ಪೆಟ್ರೋಲ್ ಇಟ್ಟು, ಅದರ ಮೇಲೋ ಒಳಗೋ ಗಾಳಿಯನ್ನು ಹಾಯಿಸಿದರೆ ಗಾಳಿಯು ಆವಿಯನ್ನು ಹೊತ್ತುಕೊಂಡು ಎಂಜಿನ್ನಿಗೆ ಹೋಗುತ್ತದೆ. ಇದಕ್ಕೆ ಮೇಲ್ಮೈ ಕಾರ್ಬುರೇಟರ್ ಎಂದು ಹೆಸರು. ಕಾರ್ಲ್ ಬೆನ್ಸ್ ಅವರ ಮೊದಲ ಕಾರಿನಲ್ಲಿದ್ದದ್ದೂ ಇಂಥದೇ. ನೋಡಲು ಸುಲಭ, ನಡೆಸಲು ಕಷ್ಟ. ಒದ್ದೆ ಬಟ್ಟೆ ಬಿಸಿಲಿನಲ್ಲಿ ಬೇಗ ಒಣಗಿ ಮಳೆಗಾಲದಲ್ಲಿ ಒಣಗದೇ ಉಳಿಯುವಂತೆ, ಹವೆ ಬದಲಾದರೆ ಆವಿಯ ಪ್ರಮಾಣವೂ ಬದಲಾಗುತ್ತಿತ್ತು. ಪೆಟ್ರೋಲಿನ ಮಟ್ಟ ಇಳಿದಂತೆ ಮಿಶ್ರಣ ತೆಳುವಾಗುತ್ತಿತ್ತು. ಹಗುರವಾದ ಅಂಶ ಮೊದಲು ಹಾರಿಹೋಗಿ, ಹಾರದ ಭಾರವಾದ ಗಸಿ ತಳದಲ್ಲಿ ಉಳಿಯುತ್ತಿತ್ತು. ಅರ್ಧ ಪಾತ್ರೆ ಪೆಟ್ರೋಲ್ ಇದ್ದರೂ ಬಂಡಿ ನಿಂತುಬಿಡುತ್ತಿತ್ತು. ಜೊತೆಗೆ ಆವಿಯಾಗುವ ದ್ರವ ತಾನೇ ತಣ್ಣಗಾಗುತ್ತದೆ. ಎಂಜಿನ್ ನಡೆದಷ್ಟೂ ಆವಿ ಕಡಿಮೆ.

ಮೈಬಾಖ್ ಅವರು ಈ ಕಷ್ಟಗಳಲ್ಲಿ ಒಂದನ್ನು ಮೊದಲು ಹಿಡಿದರು. ಸವಾರಿ ಬಂಡಿಯ ಕಾಲದಲ್ಲಿಯೇ ಅವರು ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಒಂದನ್ನು ಪಾತ್ರೆಯೊಳಗೆ ಇಟ್ಟರು. ಮಟ್ಟ ಇಳಿದರೂ ಗಾಳಿಯು ಹಾದುಹೋಗಬೇಕಾದ ಪೆಟ್ರೋಲಿನ ಆಳ ಬದಲಾಗದಂತೆ ಅದು ನೋಡಿಕೊಳ್ಳುತ್ತಿತ್ತು. ಇದು ಪೂರ್ಣ ಪರಿಹಾರವಲ್ಲ. ಆದರೆ ಮಟ್ಟವನ್ನು ಕಾಯುವುದು ಮನುಷ್ಯನ ಕೆಲಸವಲ್ಲ, ಉಪಕರಣವೇ ಅದನ್ನು ಕಾಯಬೇಕು ಎಂಬ ಯೋಚನೆ ಇಲ್ಲಿ ಬಂದಿತು. ಇತರರು ಈ ಪಾಠವನ್ನು ಕಲಿಯಲು ಬಹಳ ಕಾಲ ಹಿಡಿಯಿತು. 1894ರಲ್ಲಿ ಮ್ಯೂನಿಕ್ಕಿನಲ್ಲಿ ಮಾರಾಟಕ್ಕೆ ಬಂದ ಹಿಲ್ಡೆಬ್ರಾಂಡ್ ಮತ್ತು ವುಲ್ಫ್‌ಮ್ಯುಲರ್ ಮೋಟಾರ್ ಸೈಕಲ್ಲಿಗೂ, ಆ ದಶಕದ ಕೊನೆಗೆ ಫ್ರಾನ್ಸಿನಲ್ಲಿ ಮನೆಮಾತಾಗಿದ್ದ ಡಿ ಡಿಯೋನ್ ತ್ರಿಚಕ್ರಿಗಳಿಗೂ ಮೇಲ್ಮೈ ಕಾರ್ಬುರೇಟರೇ ಇತ್ತು. ಡಿ ಡಿಯೋನ್ ಸವಾರನು ಪೆಟ್ರೋಲ್ ಇಳಿದಂತೆ ಗಾಳಿಯ ಕೊಳವೆಯನ್ನು ಕೈಯಿಂದ ಕೆಳಗಿಳಿಸುತ್ತ, ದಾರಿಯುದ್ದಕ್ಕೂ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕುಳಿತಿರಬೇಕಾಗಿತ್ತು.

1890ರ ನವೆಂಬರಿನಲ್ಲಿ ಡೈಮ್ಲರ್ ಮೋಟಾರ್ ಕಂಪನಿ ಸ್ಥಾಪನೆಯಾಯಿತು. ಹಣ ಹಾಕಿದವರು ಮ್ಯಾಕ್ಸ್ ಡುಟನ್‌ಹೋಫರ್ ಮತ್ತು ವಿಲ್ಹೆಲ್ಮ್ ಲೊರೆನ್ಸ್ ಎಂಬ ಉದ್ಯಮಿಗಳು. ಅವರಿಗೆ ಬೇಕಾಗಿದ್ದದ್ದು ನಿಂತಲ್ಲೇ ನಡೆಯುವ ಎಂಜಿನ್ನುಗಳ ಭದ್ರವಾದ ವ್ಯಾಪಾರ. ಓಡುವ ಬಂಡಿಗಳ ಕನಸಲ್ಲ. ಮೈಬಾಖ್ ಅವರ ಮುಂದಿಟ್ಟ ಕರಾರು ಅವರು ಒಪ್ಪುವಂತಿರಲಿಲ್ಲ. 1891ರ ಫೆಬ್ರವರಿಯಲ್ಲಿ ಅವರು ಹೊರಬಂದರು. ಎಂಜಿನ್ ಚಿತ್ರಿಸಿದವರಿಗೆ ಎಂಜಿನ್ ಕಂಪನಿಯಲ್ಲಿ ಜಾಗವಿಲ್ಲದಾಯಿತು.

ಡೈಮ್ಲರ್ ಅವರು ಗೆಳೆಯನನ್ನು ಕೈಬಿಡಲಿಲ್ಲ. ಸ್ವಂತ ಹಣದಿಂದ ಅವರ ಕೆಲಸ ನಡೆಯುವಂತೆ ಮಾಡಿದರು. ಮೊದಲು ಮೈಬಾಖ್ ತಮ್ಮ ಮನೆಯಲ್ಲಿಯೇ ನಕ್ಷೆ ಬರೆದರು. 1892ರ ಶರತ್ಕಾಲದಲ್ಲಿ ಕ್ಯಾನ್‌ಸ್ಟಾಟಿನ ಹಳೆಯ ಹರ್ಮನ್ ಹೋಟೆಲಿನ ನೃತ್ಯಶಾಲೆಯನ್ನು ಬಾಡಿಗೆಗೆ ಪಡೆದು, ಹನ್ನೆರಡು ಮಂದಿ ಕೆಲಸಗಾರರು ಮತ್ತು ಐವರು ಕಲಿಯುವ ಹುಡುಗರೊಂದಿಗೆ ಅಲ್ಲಿ ಕಾರ್ಯಾಗಾರ ಹೂಡಿದರು. ಸಂಗೀತಕ್ಕೆ ಜನ ಹೆಜ್ಜೆ ಹಾಕಿದ್ದ ಮರದ ನೆಲದ ಮೇಲೆ ಲೇತ್‌ಗಳು ತಿರುಗಿದವು. ಮೈಬಾಖ್ ಅವರ ಜೀವನದ ಅತ್ಯಂತ ಫಲವತ್ತಾದ ಕಾಲ ಇದೇ ಎಂದು ನಾವು ಭಾವಿಸುತ್ತೇವೆ. ಹೆಸರಾಂತ ಮರ್ಸಿಡಿಸ್ ಕಾರನ್ನೂ ಇದರ ಕೆಳಗೇ ಇರಿಸುತ್ತೇವೆ. ಫೀನಿಕ್ಸ್ ಎಂಬ ಹೊಸ ಎಂಜಿನ್ ಇಲ್ಲಿ ರೂಪುಗೊಂಡಿತು. ಅದರೊಂದಿಗೆ 1893ರಲ್ಲಿ ಸಿಂಪಡಿಸುವ ಕಾರ್ಬುರೇಟರ್ ಬಂದಿತು.

ಇದರ ಯೋಚನೆ ಇಷ್ಟು. ಪೆಟ್ರೋಲ್ ತಾನಾಗಿ ಆವಿಯಾಗಲೆಂದು ಕಾಯುವುದೇಕೆ? ಎಂಜಿನ್ನೇ ಅದನ್ನು ಹೀರಿಕೊಳ್ಳಲಿ. ಎಳನೀರಿಗೆ ಕೊಳವೆ ಹಾಕಿ ಹೀರಿದರೆ ನೀರು ಮೇಲೇರುವಂತೆ, ಪಿಸ್ಟನ್ ಕೆಳಗಿಳಿದು ಗಾಳಿಯನ್ನು ಸೆಳೆದಾಗ ಆ ಸೆಳೆತಕ್ಕೆ ಸಿಕ್ಕಿದ ಪೆಟ್ರೋಲ್ ಸೂಜಿಗಣ್ಣಿನಂಥ ರಂಧ್ರದಿಂದ ಚಿಮ್ಮಿ, ವೇಗವಾಗಿ ಹಾಯುವ ಗಾಳಿಯಲ್ಲಿ ತುಂತುರಾಗಿ ಒಡೆಯುತ್ತದೆ. ಈ ರಂಧ್ರವೇ ಜೆಟ್. ಎಂಜಿನ್ ಒಂದು ಉಸಿರೆಳೆದರೆ ಒಂದು ಚಿಮ್ಮು. ಉಸಿರು ನಿಂತರೆ ಪೆಟ್ರೋಲೂ ನಿಂತಿತು. ಇದು ನಡೆಯಬೇಕಾದರೆ ಪೆಟ್ರೋಲ್ ಯಾವಾಗಲೂ ಜೆಟ್ಟಿನ ಬಾಯಿಗಿಂತ ಕೂದಲೆಳೆಯಷ್ಟು ಕೆಳಗೆ ಬಂದು ನಿಂತಿರಬೇಕು. ಮೇಲೇರಿದರೆ ತಾನಾಗಿ ಸೋರುತ್ತದೆ, ಇಳಿದರೆ ಸೆಳೆತಕ್ಕೆ ಸಿಕ್ಕುವುದಿಲ್ಲ. ಅದಕ್ಕಾಗಿ ಪಕ್ಕದಲ್ಲಿ ಪುಟ್ಟ ಕೋಣೆ, ಅದರಲ್ಲಿ ಫ್ಲೋಟ್, ಫ್ಲೋಟಿನ ಅಂಕೆಯಲ್ಲಿ ಸೂಜಿಯಂಥ ಕವಾಟ. ನಮ್ಮ ಮನೆಯ ಮಾಳಿಗೆಯ ನೀರಿನ ತೊಟ್ಟಿಯಲ್ಲಿ ತೇಲುವ ಚೆಂಡು ನಲ್ಲಿಯನ್ನು ಮುಚ್ಚುವುದು ಇದೇ ಬಗೆಯಲ್ಲಿ. ಪೆಟ್ರೋಲ್ ಹಗುರವೋ ಭಾರವೋ, ಹವೆ ಬಿಸಿಯೋ ತಂಪೋ ಎಂಬುದರ ಕಾಟ ಬಹುಮಟ್ಟಿಗೆ ತಗ್ಗಿತು. ಗಸಿ ಉಳಿಯುವ ಮಾತೇ ಇಲ್ಲ, ಏಕೆಂದರೆ ಪೆಟ್ರೋಲ್ ಪೂರ್ತಿಯಾಗಿ ಎಂಜಿನ್ನಿಗೇ ಹೋಗುತ್ತದೆ.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಬುಡಾಪೆಸ್ಟಿನ ಡೊನಾತ್ ಬಾಂಕಿ ಮತ್ತು ಯಾನೋಶ್ ಚೊಂಕಾ ಎಂಬ ಇಬ್ಬರು ಎಂಜಿನಿಯರುಗಳು ಇದೇ ತತ್ವದ ಕಾರ್ಬುರೇಟರಿಗೆ 1893ರ ಫೆಬ್ರವರಿಯಲ್ಲಿ, ಮೈಬಾಖ್ ಅವರಿಗಿಂತ ಕೆಲವು ತಿಂಗಳು ಮುಂಚೆ, ಪೇಟೆಂಟ್ ಅರ್ಜಿ ಸಲ್ಲಿಸಿದ್ದರು. ಹೂ ಮಾರುವ ಹುಡುಗಿ ಹೂಗಳಿಗೆ ನೀರು ಚಿಮುಕಿಸುವುದನ್ನು ಕಂಡು ಅವರಿಗೆ ಇದು ಹೊಳೆಯಿತೆಂಬ ಕಥೆ ಹಂಗೇರಿಯಲ್ಲಿ ಇಂದಿಗೂ ಪ್ರಚಲಿತ. ಇಂಗ್ಲೆಂಡಿನ ಎಡ್ವರ್ಡ್ ಬಟ್ಲರ್ ಅವರ 1880ರ ದಶಕದ ತ್ರಿಚಕ್ರಿಯಲ್ಲಿಯೂ ಫ್ಲೋಟ್ ಇರುವ ಸಿಂಪಡಿಕೆಯ ಏರ್ಪಾಡು ಇತ್ತು. ಒಂದೇ ತೊಡಕಿನ ಮುಂದೆ ಹಲವು ಬುದ್ಧಿವಂತರು ಕುಳಿತಾಗ ಉತ್ತರ ಹಲವೆಡೆ ಹೊಳೆಯುವುದು ಸಹಜ. ಆದರೆ ಬಟ್ಲರ್ ಅವರ ಬಂಡಿ ರಸ್ತೆಯ ಕಾನೂನುಗಳಿಂದಾಗಿ ಮೂಲೆ ಸೇರಿತು. ಹಂಗೇರಿಯವರ ಕೆಲಸ ದೂರಕ್ಕೆ ಹಬ್ಬಲಿಲ್ಲ. ಮೈಬಾಖ್ ಅವರ ಕಾರ್ಬುರೇಟರ್ ಮಾತ್ರ ಫೀನಿಕ್ಸ್ ಎಂಜಿನ್ನಿನ ಬೆನ್ನೇರಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಹೋಯಿತು. ಮೊದಲು ಯೋಚಿಸಿದವರು ಯಾರು ಎಂಬ ವಾದದಲ್ಲಿ ಅವರನ್ನು ಗೆಲ್ಲಿಸಲೇಬೇಕೆಂಬ ಹಟ ನಮಗಿಲ್ಲ.

ಅವರ ಕಾರ್ಬುರೇಟರಿನಲ್ಲಿ ದೋಷವೂ ಇತ್ತು. ಎಂಜಿನ್ ವೇಗ ಹೆಚ್ಚಿದಂತೆ ಗಾಳಿಗಿಂತ ಪೆಟ್ರೋಲ್ ಮುಂದಾಗಿ ನುಗ್ಗುತ್ತಿತ್ತು. ಹೀಗಾಗಿ ಒಂದು ವೇಗಕ್ಕೆ ಸರಿಹೋದ ಜೆಟ್ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಫ್ರಾನ್ಸಿನ ಆರ್ಥರ್ ಕ್ರೆಬ್ಸ್ 1902ರಲ್ಲಿ ತಾನಾಗಿ ತೆರೆದುಕೊಳ್ಳುವ ಗಾಳಿಯ ಕವಾಟವಿಟ್ಟು ಇದನ್ನು ತಿದ್ದಿದರು. ಮೋಟಾರ್ ಸೈಕಲ್ಲುಗಳಲ್ಲಿ ಬಹುಕಾಲ ಇದನ್ನು ಸವಾರನೇ ಮಾಡಬೇಕಿತ್ತು. ಹ್ಯಾಂಡಲಿನ ಮೇಲೆ ಮಿಶ್ರಣಕ್ಕೊಂದು, ಗಾಳಿಗೊಂದು ಎಂದು ಎರಡು ಸನ್ನೆಗಳಿದ್ದವು. ಆದರೆ ಫ್ಲೋಟ್, ಸೂಜಿ ಕವಾಟ, ಜೆಟ್ ಎಂಬ ಮೂರು ಅಂಗಗಳು ಕದಲಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ ಗಾಡಿಯನ್ನು ಬಲ್ಲ ಹಿರಿಯರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಚಳಿಯ ಬೆಳಿಗ್ಗೆ ಕಿಕ್ ಹೊಡೆಯುವ ಮುನ್ನ ಕಾರ್ಬುರೇಟರಿನ ತಲೆಯ ಮೇಲಿನ ಪುಟ್ಟ ಗುಂಡಿಯನ್ನು ಒತ್ತಿ, ಪೆಟ್ರೋಲ್ ಜಿನುಗುವವರೆಗೆ ಕಾಯುತ್ತಿದ್ದುದು ಅವರಿಗೆ ನೆನಪಿದ್ದೀತು. ಆ ಗುಂಡಿ ಒತ್ತುತ್ತಿದ್ದದ್ದು ಫ್ಲೋಟನ್ನೇ. 2020ರ ಏಪ್ರಿಲಿನಲ್ಲಿ ಭಾರತದಲ್ಲಿ ಬಿ.ಎಸ್.-6 ಹೊಗೆ ನಿಯಮಗಳು ಬಂದಾಗ, ಹೊಸ ದ್ವಿಚಕ್ರ ವಾಹನಗಳಿಂದ ಕಾರ್ಬುರೇಟರ್ ಬಹುಮಟ್ಟಿಗೆ ನಿರ್ಗಮಿಸಿತು.

ಕಂಪನಿಯ ಕಥೆಗೆ ಬಂದರೆ, 1894ರಲ್ಲಿ ಡೈಮ್ಲರ್ ಅವರನ್ನೂ ಪಾಲುದಾರರು ಹೊರಗೆ ತಳ್ಳಿದರು. ಆದರೆ ಇಬ್ಬರೂ ಇಲ್ಲದ ಕಾರ್ಖಾನೆ ಸೊರಗಿತು. ಇಂಗ್ಲೆಂಡಿನಲ್ಲಿ ಫೀನಿಕ್ಸ್ ಎಂಜಿನ್ನಿನ ಹಕ್ಕು ಕೊಳ್ಳಲು ಬಂದ ಫ್ರೆಡರಿಕ್ ಸಿಮ್ಸ್ ಎಂಬ ವ್ಯಾಪಾರಿ 3,50,000 ಮಾರ್ಕ್ ಕೊಡಲು ಸಿದ್ಧನಿದ್ದರೂ, ಡೈಮ್ಲರ್ ಮರಳಬೇಕೆಂಬ ಷರತ್ತು ಹಾಕಿದ. 1895ರ ನವೆಂಬರಿನಲ್ಲಿ ಇಬ್ಬರೂ ಮರಳಿದರು. ಮೈಬಾಖ್ ತಾಂತ್ರಿಕ ನಿರ್ದೇಶಕರಾದರು. ಹೊರಗಿದ್ದಾಗ ಮಾಡಿದ ಕೆಲಸವೇ ಅವರನ್ನು ಒಳಗೆ ಕರೆಸಿಕೊಂಡಿತು.

1900ರ ಮಾರ್ಚ್‌ನಲ್ಲಿ ಡೈಮ್ಲರ್ ನಿಧನರಾದರು. ಅದೇ ವರ್ಷ ನೀಸ್ ನಗರದ ವ್ಯಾಪಾರಿ ಎಮಿಲ್ ಯೆಲಿನೆಕ್ ಅವರ ಬೇಡಿಕೆಯ ಮೇಲೆ ಮೈಬಾಖ್ ಚಿತ್ರಿಸಿದ 35 ಕುದುರೆ ಶಕ್ತಿಯ ಕಾರಿಗೆ ಯೆಲಿನೆಕ್ ಮಗಳು ಮರ್ಸಿಡಿಸಳ ಹೆಸರನ್ನಿಟ್ಟರು. ಅದರ ಜೇನುಗೂಡಿನಂಥ ರೇಡಿಯೇಟರಿನಲ್ಲಿ 8070 ಪುಟ್ಟ ಕೊಳವೆಗಳಿದ್ದವು. ಫ್ರೆಂಚರು ಮೈಬಾಖ್ ಅವರನ್ನು ವಿನ್ಯಾಸಕಾರರ ಅರಸನೆಂದು ಕೊಂಡಾಡಿದರು. ತಮ್ಮ ಕಂಪನಿಯಲ್ಲಿ ಮಾತ್ರ ಅರಸನ ಆಳ್ವಿಕೆ ಹೆಚ್ಚು ಕಾಲ ನಡೆಯಲಿಲ್ಲ. ಅನಾರೋಗ್ಯದಿಂದ ಸ್ವಲ್ಪ ಕಾಲ ದೂರವಿದ್ದುದೇ ನೆಪವಾಗಿ, ಮರಳಿದಾಗ ಹೊಸ ಶೋಧಗಳ ಕಚೇರಿಯೊಂದನ್ನು ಕೊಟ್ಟು ಕೂರಿಸಿದರು. 1907ರಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ, ಅವರು ಎರಡನೆಯ ಬಾರಿಗೆ ಆ ಬಾಗಿಲನ್ನು ದಾಟಿ ಹೊರಬಂದರು. ತಾವು ಡೈಮ್ಲರ್ ಜೊತೆ ಕಟ್ಟಿದ ಸವಾರಿ ಬಂಡಿಯನ್ನು ನೆನಪಿಗೆಂದು ನೋಡುವಂತೆಯೂ ಇರಲಿಲ್ಲ. 1903ರಲ್ಲಿ ಕಾರ್ಖಾನೆಗೆ ಬಿದ್ದ ಬೆಂಕಿಯಲ್ಲಿ ಅದು ಸುಟ್ಟುಹೋಗಿತ್ತು. ಇಂದು ವಸ್ತುಸಂಗ್ರಹಾಲಯಗಳಲ್ಲಿ ಕಾಣುವುದು ಅದರ ಪ್ರತಿಕೃತಿ.

ಕೌಂಟ್ ಜೆಪ್ಪೆಲಿನ್ ಅವರ ದೊಡ್ಡ ಆಕಾಶನೌಕೆ 1908ರ ಆಗಸ್ಟ್‌ನಲ್ಲಿ ಎಂಜಿನ್ ಕೈಕೊಟ್ಟು ಎಖ್ಟರ್‌ಡಿಂಗೆನ್ ಎಂಬಲ್ಲಿ ಇಳಿದು, ಬಿರುಗಾಳಿಗೆ ಸಿಕ್ಕಿ ಉರಿದುಹೋಯಿತು. ಮೈಬಾಖ್ ಅವರು ಜೆಪ್ಪೆಲಿನ್ ಅವರನ್ನು ಸಂಪರ್ಕಿಸಿ, ತಮ್ಮ ಮಗ ಕಾರ್ಲ್ ರೂಪಿಸಿರುವ ಹೊಸ ಎಂಜಿನ್ನನ್ನು ಮುಂದಿಟ್ಟರು. 1909ರಲ್ಲಿ ಅದಕ್ಕಾಗಿಯೇ ಕಂಪನಿ ಹುಟ್ಟಿತು. ಮಗ ಅದರ ತಾಂತ್ರಿಕ ಮುಖ್ಯಸ್ಥ, ತಂದೆ ಸಲಹೆಗಾರ. ಮೈಬಾಖ್ ಎಂಬ ಹೆಸರು ಕಂಪನಿಯೊಂದರ ಹಲಗೆಯ ಮೇಲೆ ಬರಲು 1918ರವರೆಗೆ ಕಾಯಬೇಕಾಯಿತು. ಓದು ಅನಾಥಾಲಯದ ಸಂಜೆ ಪಾಠಗಳಿಗೆ ನಿಂತಿದ್ದವರಿಗೆ 1916ರಲ್ಲಿ ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು.

1929ರ ಆಗಸ್ಟಿನಲ್ಲಿ ಗ್ರಾಫ್ ಜೆಪ್ಪೆಲಿನ್ ಎಂಬ ಆಕಾಶನೌಕೆ ಭೂಮಿಯನ್ನು ಸುತ್ತಿಬಂದಿತು. ಅದನ್ನು ಒಯ್ದದ್ದು ಕಾರ್ಲ್ ಮೈಬಾಖ್ ಅವರ ಐದು ಎಂಜಿನ್ನುಗಳು, ಒಂದೊಂದೂ ಸುಮಾರು 550 ಕುದುರೆ ಶಕ್ತಿಯವು. ಸ್ವಾರಸ್ಯವೆಂದರೆ ಆ ಎಂಜಿನ್ನುಗಳು ಪೆಟ್ರೋಲಿನಿಂದಲೂ ನಡೆಯಬಲ್ಲವಾಗಿದ್ದರೂ ಹೆಚ್ಚಾಗಿ ಬಳಸಿದ್ದು ನೌಕೆಯೊಳಗಿನ ಚೀಲಗಳಲ್ಲಿ ತುಂಬಿದ್ದ ಗ್ಯಾಸನ್ನು. ಅರ್ಧ ಕುದುರೆ ಶಕ್ತಿಯಿಂದ ಆರಂಭಿಸಿದ್ದ ಮುದುಕರು ಈ ಸುದ್ದಿಯನ್ನು ಕೇಳುವಷ್ಟು ಕಾಲ ಬದುಕಿದ್ದರು. ಆ ವರ್ಷ ಮುಗಿಯಲು ಎರಡು ದಿನಗಳಿರುವಾಗ, ಡಿಸೆಂಬರ್ 29ರಂದು, ಅವರು ಸ್ಟುಟ್‌ಗಾರ್ಟಿನಲ್ಲಿ ಕೊನೆಯುಸಿರೆಳೆದರು. ವಯಸ್ಸು 83. ಕ್ಯಾನ್‌ಸ್ಟಾಟಿನಲ್ಲಿ, ಡೈಮ್ಲರ್ ಅವರ ಸಮಾಧಿಯಿರುವ ಊಫ್‌ಕಿರ್ಖ್‌ಹೋಫ್ ರುದ್ರಭೂಮಿಯಲ್ಲಿಯೇ ಅವರನ್ನೂ ಮಣ್ಣು ಮಾಡಲಾಯಿತು.